ಅಸ್ತಮಾ ಅಂದುಕೊಂಡಿದ್ದ ಉಬ್ಬಸ, ಥ್ಯಾಂಕ್ಸ್ ಹೇಳಬೇಕಾದ ಜನ

ಹೋದ ವಾರ ವರ್ಷದ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿಕೊಂಡು ಬಂದೆ. ಹೃದಯದ ವಾಲ್ವ್ ಚೆನ್ನಾಗಿ ತೆರೆದುಕೊಳ್ಳುತ್ತಿದೆ, ಶ್ವಾಸಕೋಶದ ಕಡೆಯ ಒತ್ತಡ ಇಳಿದಿದೆ, ಇನ್ನು ವರ್ಷಕ್ಕೊಂದು ಸಲ ಬಂದರೆ ಸಾಕು ಅಂದರು. ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗಿ ಹೇಳೋಣ ಅಂದರೆ ಕೆಲವರ ಹೆಸರೇ ಗೊತ್ತಿಲ್ಲ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ನನ್ನ ಹಾಗೆ ವರ್ಷಗಟ್ಟಲೆ ಅಸ್ತಮಾ ಪಂಪ್ (ಇನ್‌ಹೇಲರ್) ಹಿಡಿದುಕೊಂಡು ಓಡಾಡುತ್ತಿರುವವರು ಯಾರಾದರೂ ಓದಿದರೆ ಅವರಿಗೂ ಉಪಯೋಗಕ್ಕೆ ಬರಬಹುದು.

ನಮ್ಮದು ಅರಸೀಕೆರೆ ಕಡೆಯ ಊರು. ನಾನು ಟೈಲರ್. ಬ್ಲೌಸು, ಚೂಡಿದಾರ್, ಸೀರೆಗೆ ಫಾಲ್ಸ್, ಜಿಗ್‌ಜಾಗ್ ಎಲ್ಲ ಮಾಡುತ್ತೇನೆ. ಎರಡನೇ ಮಗು ಹೊಟ್ಟೆಯಲ್ಲಿದ್ದಾಗ, ಐದಾರು ತಿಂಗಳಿಗೆ, ಏದುಸಿರು ಶುರುವಾಯಿತು. ಬಸುರಿಯರಿಗೆ ಇದೆಲ್ಲ ಮಾಮೂಲಿ ಅಂದರು ಎಲ್ಲರೂ. ಹೆರಿಗೆಯಾಯಿತು, ಕಡಿಮೆಯೂ ಆಯಿತು. ಆಮೇಲೆ ಒಂದು ಚಳಿಗಾಲದಲ್ಲಿ ಕೆಮ್ಮು, ಉಬ್ಬಸ, ಎದೆಯೊಳಗೆ ಸುಯ್ ಸುಯ್ ಶಬ್ದ ಸಮೇತ ಮತ್ತೆ ಬಂತು. ತೋರಿಸಿದ ಕಡೆ ಅಸ್ತಮಾ ಅಂದರು. ಟೈಲರ್ ಅಂದ ತಕ್ಷಣ ಬಟ್ಟೆಯ ಧೂಳು, ನೂಲಿನ ಎಳೆ ಅಂತ ಕಾರಣವೂ ಸಿಕ್ಕಿತು. ನಮ್ಮೂರಲ್ಲಿ ಕೊಬ್ಬರಿ ಶೆಡ್ಡಿನ ಧೂಳು ಬೇರೆ. ಯಾರಿಗೂ ಅನುಮಾನ ಬರಲಿಲ್ಲ. ನನಗಂತೂ ಬರುವ ಹಾಗೇ ಇರಲಿಲ್ಲ.

ಮೊದಲು ನಮ್ಮ ಅತ್ತೆಗೆ ಥ್ಯಾಂಕ್ಸ್. ವೇಪೋರಬ್ ಹಾಕಿ ಎದೆ ತಿಕ್ಕಿ, ಕಷಾಯ ಕುದಿಸಿ ಕೊಟ್ಟು, ರಾತ್ರಿಯೆಲ್ಲ ಜೊತೆಗೆ ಕೂತವರು ಅವರೇ. ಮೃಗಶಿರ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಮೀನಿನ ಮದ್ದು ಕೊಡುತ್ತಾರಲ್ಲ, ಅದಕ್ಕೂ ನನ್ನನ್ನು ರೈಲು ಹತ್ತಿಸಿಕೊಂಡು ಹೋಗಿದ್ದರು. ಆ ಜನಸಾಗರದಲ್ಲಿ ಸರತಿಯಲ್ಲಿ ನಿಂತು ಬಾಯಿಗೆ ಮೀನು ಹಾಕಿಸಿಕೊಂಡು ಬಂದೆ. ಗುಣವಾಗಲಿಲ್ಲ, ಆದರೆ ಬಂದವರಿಗೆಲ್ಲ ಬಜ್ಜಿ ಕರಿದುಕೊಡುತ್ತಾ ಇವತ್ತಿಗೂ ಆ ಕಥೆಯನ್ನು ಅತ್ತೆ ರಸವತ್ತಾಗಿ ಹೇಳುತ್ತಾರೆ.

ಈಗ ಹಿಂದೆ ತಿರುಗಿ ನೋಡಿದರೆ ಒಂದೆರಡು ವಿಷಯ ಅಸ್ತಮಾದ ಲೆಕ್ಕಕ್ಕೆ ಕೂಡಿಬರುತ್ತಿರಲಿಲ್ಲ. ಚಪ್ಪಟೆಯಾಗಿ ಮಲಗೋಕೆ ಆಗುತ್ತಿರಲಿಲ್ಲ. ಒಂದು ದಿಂಬು ಇದ್ದದ್ದು ಎರಡಾಯಿತು, ಮೂರಾಯಿತು, ಕೊನೆಗೆ ಬಟ್ಟೆ ಗಂಟಿಗೆ ಒರಗಿ ಕೂತೇ ನಿದ್ದೆ. ಮಲಗಿ ಒಂದೆರಡು ಗಂಟೆಗೆ ಉಸಿರು ಕಟ್ಟಿದ ಹಾಗಾಗಿ ಎದ್ದು ಕಿಟಕಿ ಹತ್ತಿರ ಓಡುತ್ತಿದ್ದೆ. ಸ್ವಲ್ಪ ಹೊತ್ತು ಕಾಲು ಇಳಿಬಿಟ್ಟು ಕೂತರೆ ಹಗುರ. ಸಂಜೆ ಹೊತ್ತಿಗೆ ಮೆಷಿನ್ ತುಳಿದು ತುಳಿದು ಪಾದ ಊದಿರುತ್ತಿತ್ತು. ಅದನ್ನು ಕೆಲಸದ ಊತ ಅಂದುಕೊಂಡಿದ್ದೆವು. ಪಂಪ್ ಎಳೆದರೆ ಎದೆ ಡವಡವ ಜಾಸ್ತಿ ಆಗುತ್ತಿತ್ತೇ ಹೊರತು ಉಸಿರು ಸಲೀಸಾಗುತ್ತಿರಲಿಲ್ಲ. ನಿಜವಾದ ಅಸ್ತಮಾ ಕೂಡ ರಾತ್ರಿ, ಬೆಳಗಿನ ಜಾವ ಕಾಡುತ್ತದೆ. ಹಾಗಾಗಿ ಮನೆಯಲ್ಲಿ ಕೂತು ಇದು ಅದಲ್ಲ ಅಂತ ತೀರ್ಮಾನ ಮಾಡೋಕೆ ಯಾರಿಗೂ ಆಗಲ್ಲ. ಆದರೆ ಇಷ್ಟೆಲ್ಲ ಒಟ್ಟಿಗೆ ಇದ್ದಾಗ ಒಂದು ಎಕೋ ಬರೆದುಕೊಡಬಹುದಿತ್ತು ಅಂತ ಈಗಲೂ ಅನಿಸುತ್ತದೆ. ಅದನ್ನು ಮುಚ್ಚಿಡುವುದಿಲ್ಲ.

ಮುಖ್ಯವಾಗಿ ಥ್ಯಾಂಕ್ಸ್ ಹೇಳಬೇಕಾಗಿರುವುದು ಆ ರಾತ್ರಿ ಸರ್ಕಾರಿ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರಮ್ಮನಿಗೆ. ಮದುವೆ ಸೀಸನ್, ಕೈತುಂಬಾ ಕೆಲಸ, ನಿದ್ದೆ ಇಲ್ಲ. ಮಧ್ಯರಾತ್ರಿ ಉಸಿರು ಪೂರ್ತಿ ಹಿಡಿದುಕೊಂಡಿತು. ಕೆಮ್ಮಿದರೆ ನೊರೆ ನೊರೆಯಾಗಿ, ತೆಳು ಗುಲಾಬಿ ಬಣ್ಣದ ಕಫ. ಪಕ್ಕದ ಮನೆಯ ಆಟೋ ಅಣ್ಣ ಬನಿಯನ್‌ನಲ್ಲೇ ಬಂದು ಕರೆದುಕೊಂಡು ಹೋದರು. ಅಣ್ಣ, ಬಾಡಿಗೆ ಕೊಡಲು ಬಂದರೆ ನೀವು ಇವತ್ತಿಗೂ ಬೈದು ಕಳಿಸುತ್ತೀರಿ, ಇಲ್ಲಿ ಎಲ್ಲರ ಮುಂದೆ ನಮಸ್ಕಾರ ಹೇಳುತ್ತೇನೆ, ಇದನ್ನಾದರೂ ತಗೊಳ್ಳಿ.

ಆಸ್ಪತ್ರೆಯಲ್ಲಿ ನೆಬುಲೈಸರ್ ಹಾಕಿದ್ದರು. ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳತೊಡಗಿತು. ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸು, ಬಹುಶಃ ನನಗಿಂತ ಚಿಕ್ಕವರು. "ಮಲಗಮ್ಮ" ಅಂದರು. ನಾನು ತಲೆ ಅಲ್ಲಾಡಿಸಿದೆ. "ಮಲಗೋಕೆ ಯಾವಾಗಿಂದ ಆಗ್ತಿಲ್ಲ?" ಅಂತ ಕೇಳಿದರು. ಅಲ್ಲಿಯವರೆಗೂ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ಕತ್ತಿನ ನರ ನೋಡಿದರು, ಪಾದ ಒತ್ತಿ ಗುಳಿ ಬೀಳುತ್ತಾ ನೋಡಿದರು, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರು. ಕಾಲು ಇಳಿಬಿಡಿಸಿ ಕೂರಿಸಿದರು, ಆಕ್ಸಿಜನ್ ಹಾಕಿದರು, ಮೂತ್ರ ಹೋಗಿಸುವ ಲಾಸಿಕ್ಸ್ ಇಂಜೆಕ್ಷನ್ ಕೊಟ್ಟರು. ಸಿಸ್ಟರ್ ಬೆಡ್‌ಪ್ಯಾನ್ ತಂದಿಟ್ಟು, ನಾಚಿಕೆ ಪಡಬೇಡಮ್ಮ, ನಿನ್ನ ಎದೆಯಲ್ಲಿರೋ ನೀರೇ ಹೀಗೆ ಹೊರಗೆ ಬರೋದು ಅಂದರು. ಮೂತ್ರ ಹೋದ ಹಾಗೆಲ್ಲ ಏದುಸಿರು ಇಳಿಯುತ್ತಾ ಬಂತು. ಇಷ್ಟು ವರ್ಷ ಯಾವ ಪಂಪಿನಿಂದಲೂ ಆಗದ್ದು.

ಬೆಳಗಿನ ಹೊತ್ತಿಗೆ ಸ್ವಲ್ಪ ಒರಗೋಕೆ ಆಯಿತು. ಡಾಕ್ಟರಮ್ಮ ಮತ್ತೆ ಬಂದರು. ಎಡಮಗ್ಗುಲಿಗೆ ತಿರುಗಿಸಿ, ಎಡ ಎದೆಯ ಕೆಳಗೆ ಸ್ಟೆತಸ್ಕೋಪಿನ ಚಿಕ್ಕ ಬದಿ ಮೆಲ್ಲಗೆ ಇಟ್ಟರು. ಫ್ಯಾನ್ ಆಫ್ ಮಾಡಿಸಿದರು. ವಾರ್ಡಿನಲ್ಲಿ ಕಾಫಿ ಮಾರಲು ಬಂದ ಹುಡುಗನಿಗೆ ಕೈಯಲ್ಲೇ ಸುಮ್ಮನಿರು ಅಂದರು. ಕಣ್ಣು ಮುಚ್ಚಿ ತುಂಬಾ ಹೊತ್ತು ಕೇಳಿದರು. ಆಮೇಲೆ ನಮ್ಮ ಅಮ್ಮನ ಕಡೆ ತಿರುಗಿ, "ಚಿಕ್ಕವಳಿದ್ದಾಗ ಜ್ವರ ಬಂದು ಕೀಲು ಊದಿತ್ತಾ ಅಮ್ಮ?" ಅಂದರು.

ಅಮ್ಮನಿಗೆ ನೆನಪಿತ್ತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಗಂಟಲು ನೋವು ಬಂದು ಹೋಗಿ, ಎರಡು ಮೂರು ವಾರಕ್ಕೆ ಜ್ವರ. ಒಂದು ಮಂಡಿ ಊದಿ ಇಳಿದರೆ ಇನ್ನೊಂದು ಊದುವುದು, ಅದು ಇಳಿದರೆ ಹರಡು. ಹರಳೆಲೆ ಬಿಸಿ ಮಾಡಿ ಕಟ್ಟಿದರಂತೆ. ಹೋಯಿತು. ಯಾರೂ ಮತ್ತೆ ಅದರ ಮಾತೆತ್ತಲಿಲ್ಲ. ಅಮ್ಮ, ಅಷ್ಟು ವರ್ಷದ ಹಿಂದಿನ ಮಂಡಿ ನೋವನ್ನು ಎಡ ಬಲ ಸಮೇತ ನೆನಪಿಟ್ಟುಕೊಂಡಿದ್ದೀಯಲ್ಲ, ನಿನಗೆ ಏನು ಹೇಳಲಿ.

ಅದು ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಗಂಟಲು ಕೆಡುತ್ತದೆ. ಅದರ ವಿರುದ್ಧ ಹೋರಾಡುವ ದೇಹದ ಶಕ್ತಿ ಕೆಲವು ಮಕ್ಕಳಲ್ಲಿ ತಪ್ಪು ಗುರುತು ಹಿಡಿದು ಅವರದೇ ಕೀಲುಗಳ ಮೇಲೆ, ಹೃದಯದ ವಾಲ್ವಿನ ಮೇಲೆ ಬೀಳುತ್ತದೆ. ಹೆಚ್ಚಾಗಿ 5ರಿಂದ 15 ವರ್ಷದೊಳಗಿನ ಮಕ್ಕಳಿಗೆ. ಕೀಲು ಪೂರ್ತಿ ಸರಿಹೋಗುತ್ತದೆ. ವಾಲ್ವ್ ಸರಿಹೋಗಲ್ಲ. ಒಳಗೊಳಗೇ ದಪ್ಪವಾಗುತ್ತಾ, ಅಂಚು ಅಂಟಿಕೊಳ್ಳುತ್ತಾ ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ತೊಂದರೆ ಕೊಡುತ್ತದೆ. ನನಗೆ ಕೆಟ್ಟಿದ್ದು ಮೈಟ್ರಲ್ ವಾಲ್ವ್. ಶ್ವಾಸಕೋಶದಿಂದ ಬಂದ ರಕ್ತ ಎಡ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಇಳಿಯುವುದು ಅದರ ಮೂಲಕ.

ಹಾಸನದಲ್ಲಿ ಎಕೋ ಆಯಿತು, ಅಲ್ಲಿಂದ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಆರೋಗ್ಯವಂತರಲ್ಲಿ ಆ ವಾಲ್ವ್ 4ರಿಂದ 6 ಚದರ ಸೆಂಟಿಮೀಟರ್ ತೆರೆಯುತ್ತದೆ. ನನ್ನದು 0.8. "ಅಂದ್ರೆ ಅಂಗಿಯ ಕಾಜಾ ಥರ" ಅಂದೆ. ಅವರು ನಕ್ಕು, ನಮ್ಮ ಪುಸ್ತಕದಲ್ಲೂ ಹಾಗೇ ಬರೆದಿದ್ದಾರಮ್ಮ ಅಂದರು.

ಅಷ್ಟು ಕಿರಿದಾದರೆ ರಕ್ತ ಮುಂದೆ ಹೋಗದೆ ಹಿಂದೆ ಶ್ವಾಸಕೋಶದಲ್ಲೇ ಕಟ್ಟಿಕೊಳ್ಳುತ್ತದೆ. ಒತ್ತಡಕ್ಕೆ ರಕ್ತನಾಳದಿಂದ ನೀರು ಜಿನುಗುತ್ತದೆ. ಗಾಳಿ ಹೋಗುವ ಕೊಳವೆಗಳ ಗೋಡೆಯೂ ನೀರು ತುಂಬಿ ಊದಿಕೊಳ್ಳುತ್ತದೆ. ದಾರಿ ಸಣ್ಣದಾದ ಮೇಲೆ ಗಾಳಿ ಸುಯ್ ಅನ್ನಲೇಬೇಕು, ಅಲ್ವಾ? ಕೇಳುವವರಿಗೆ ಅಸ್ತಮಾದ ಶಬ್ದಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣಲ್ಲ. ಕಾರ್ಡಿಯಾಕ್ ಅಸ್ತಮಾ ಅಂತಾರೆ ಇದಕ್ಕೆ. ಮಲಗಿದಾಗ ಕಾಲಿನಲ್ಲಿ ನಿಂತಿದ್ದ ನೀರು ರಕ್ತಕ್ಕೆ ವಾಪಸ್ ಬಂದು ಎದೆ ತುಂಬುತ್ತದೆ, ಅದಕ್ಕೇ ಮೂರು ದಿಂಬು. ಬಸುರಿಯಲ್ಲಿ ಮೈಯ ರಕ್ತ ಹತ್ತಿರ ಹತ್ತಿರ ಅರ್ಧದಷ್ಟು ಜಾಸ್ತಿ ಆಗುತ್ತದೆ, ಅದಕ್ಕೇ ನನಗೆ ಆಗ ಮೊದಲ ಸಲ ಕಾಣಿಸಿಕೊಂಡಿದ್ದು.

ನನಗೆ ತುಂಬಾ ವಿಚಿತ್ರ ಅನಿಸಿದ್ದು ಇನ್ನೊಂದು. ಎರಡು ಬಡಿತದ ನಡುವಿನ ಬಿಡುವಿನಲ್ಲೇ ರಕ್ತ ಆ ವಾಲ್ವ್ ದಾಟಬೇಕು. ಹೃದಯ ಜೋರಾಗಿ ಹೊಡೆದಷ್ಟೂ ಬಿಡುವು ಕಡಿಮೆ. ಪಂಪಿನಲ್ಲಿದ್ದ ಸಾಲ್ಬುಟಮಾಲ್ ಬಡಿತ ಹೆಚ್ಚಿಸುತ್ತದೆ. ನನಗೆ ಬೇಕಾಗಿದ್ದು ಬಡಿತ ನಿಧಾನ ಮಾಡುವ ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್ ಮಾತ್ರೆ. ಆದರೆ ಅಂಥ ಮಾತ್ರೆ ಅಸ್ತಮಾ ಇರುವವರಿಗೆ ಕೊಡೋಕೆ ಡಾಕ್ಟರುಗಳೇ ಹಿಂದೆ ಮುಂದೆ ನೋಡುತ್ತಾರೆ. ಅಸ್ತಮಾ ಅಂತ ಚೀಟಿಯಲ್ಲಿ ಬರೆದದ್ದು ಹೀಗೆ ಎರಡು ಕಡೆಯಿಂದಲೂ ಅಡ್ಡ ಬರುತ್ತಿತ್ತು. ಹಾಗಂತ ಇದನ್ನು ಓದಿ ಯಾರೂ ಸುಮ್ನೆ ಪಂಪ್ ಬಿಸಾಕಬೇಡಿ. ನಮ್ಮ ಬೀದಿಯಲ್ಲೇ ನಿಜವಾದ ಅಸ್ತಮಾ ಇರುವ ಹುಡುಗ ಪಂಪಿನಿಂದಲೇ ಕಬಡ್ಡಿ ಆಡುತ್ತಿದ್ದಾನೆ.

ಎಕೋ ಮೆಷಿನ್ನಿಗೂ ಒಂದು ನಮಸ್ಕಾರ. ಆಮೇಲೆ ಅದರ ಬಗ್ಗೆ ಓದಿದೆ. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ಇಂಗೆ ಎಡ್ಲರ್ ಅನ್ನುವ ಡಾಕ್ಟರು, ಹೆಲ್ಮುತ್ ಹರ್ಟ್ಸ್ ಅನ್ನುವ ಭೌತಶಾಸ್ತ್ರಜ್ಞರು ಸೇರಿ ಶಬ್ದದ ಅಲೆಯಿಂದ ಮೊದಲ ಸಲ ಹೃದಯದ ಚಲನೆ ದಾಖಲಿಸಿದರು. ಹಡಗು ಕಟ್ಟುವ ಕಡೆ ಲೋಹದಲ್ಲಿ ಬಿರುಕು ಹುಡುಕುವ ಉಪಕರಣ ಅವರಿಗೆ ದಾರಿ ತೋರಿಸಿತಂತೆ. ಎಡ್ಲರ್‌ಗೆ ಬೇಕಾಗಿದ್ದೂ ನನ್ನದೇ ಕಾಯಿಲೆ: ಆಪರೇಷನ್ನಿಗೆ ಮೊದಲು ಮೈಟ್ರಲ್ ವಾಲ್ವ್ ಎಷ್ಟು ಕೆಟ್ಟಿದೆ ಅಂತ ತಿಳಿಯುವುದು. ಎಲ್ಲಿಯ ಸ್ವೀಡನ್, ಎಲ್ಲಿಯ ಅರಸೀಕೆರೆ.

ನನಗೆ ಎದೆ ಕೊಯ್ಯುವ ಆಪರೇಷನ್ ಆಗಲಿಲ್ಲ. ಬಲೂನ್ ಹಾಕಿದರು. 1982ರಲ್ಲಿ ಜಪಾನಿನ ಕಂಜಿ ಇನೋಯಿ ಅನ್ನುವ ಸರ್ಜನ್ ಮೊದಲು ಮಾಡಿದ್ದು. ಮೊದಲು ಗಂಟಲಿನಿಂದ ಪೈಪ್ ಇಳಿಸಿ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ತೊಡೆಸಂದಿನ ರಕ್ತನಾಳದಿಂದ ತಂತಿ ಹಾಕಿ, ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಗೆ ಸಣ್ಣ ತೂತು ಮಾಡಿ, ಬಲೂನನ್ನು ವಾಲ್ವಿನವರೆಗೆ ಕೊಂಡೊಯ್ದರು. ಬಲೂನಿನ ಮುಂದಿನ ಭಾಗ ಮೊದಲು ಉಬ್ಬುತ್ತದೆ, ಆಮೇಲೆ ಹಿಂದಿನದು, ಕೊನೆಗೆ ನಡು. ಅಂಟಿಕೊಂಡ ಅಂಚು ಬಿಟ್ಟುಕೊಳ್ಳುತ್ತದೆ. ನಾನು ಎಚ್ಚರವಾಗಿಯೇ ಇದ್ದೆ. ಏಸಿ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಒಬ್ಬ ಟೆಕ್ನಿಷಿಯನ್ ಹುಡುಗ ಬಂದು ಇನ್ನೊಂದು ಹೊದಿಕೆ ಹೊದಿಸಿ, "ಅಕ್ಕ, ಮುಗೀತಾ ಬಂತು" ಅಂದ. ತಮ್ಮಾ, ನೀನು ಮಾಸ್ಕ್ ಹಾಕಿದ್ದೆ, ನಿನ್ನ ಮುಖ ನೋಡಲಿಲ್ಲ. ನಿನಗೂ ಥ್ಯಾಂಕ್ಸ್. ವಾಲ್ವ್ 1.7ಕ್ಕೆ ತೆರೆಯಿತು. ಆ ರಾತ್ರಿ ಒಂದೇ ದಿಂಬು ಹಾಕಿಕೊಂಡು ಮಲಗಿದೆ. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಖರ್ಚಿನ ದೊಡ್ಡ ಪಾಲು ಸರ್ಕಾರದ ಯೋಜನೆಯಲ್ಲೇ ಹೋಯಿತು. ಓಡಾಟ, ಊಟ, ಔಷಧಿ ನಮ್ಮದು.

ಆ ಓಡಾಟ ಅಷ್ಟೂ ನಮ್ಮ ಮನೆಯವರದು. ಬಾಯಿಬಿಟ್ಟು ಮಾತಾಡುವ ಮನುಷ್ಯ ಅಲ್ಲ. ಕಾಜಾ ಹಾಕೋದು, ಗುಂಡಿ ಹೊಲಿಯೋದು ಕಲಿತುಕೊಂಡು ಅರ್ಧ ಉಳಿದಿದ್ದ ಕೆಲಸ ಮುಗಿಸಿದರು. ಗುಂಡಿ ಒಂದೊಂದು ಸೊಟ್ಟಗಿತ್ತು. ಮದುವೆಗೆ ಬೇಕಾದ ಬ್ಲೌಸು ಟೈಮಿಗೆ ಸಿಗದಿದ್ದರೂ ನನ್ನನ್ನು ಬಿಟ್ಟುಹೋಗದ ಗಿರಾಕಿಗಳೆಲ್ಲರಿಗೂ ಋಣಿ. ಒಬ್ಬರಂತೂ ಮಗಳ ಮದುವೆಯಲ್ಲಿ ಹಳೇ ಬ್ಲೌಸೇ ಹಾಕಿಕೊಂಡು, ಆಸ್ಪತ್ರೆಗೆ ಚಿರೋಟಿ ಕಳಿಸಿದರು.

ಮನೆಯಲ್ಲಿ ವಯಸ್ಸಾದವರಿದ್ದು, ಬಿಪಿ ಇದ್ದೋ ಹಿಂದೆ ಹಾರ್ಟ್ ಅಟ್ಯಾಕ್ ಆಗಿದ್ದೋ, ಈಗ ಹೊಸದಾಗಿ ಉಬ್ಬಸ ಶುರುವಾಗಿದ್ದರೆ, ಕಫದ ಸಿರಪ್ ಕುಡಿಸುತ್ತಾ ಕೂರಬೇಡಿ. ಅವರಲ್ಲಿ ವಾಲ್ವಿಗಿಂತ ಹೃದಯದ ಸ್ನಾಯು ಸೋತಿರುವುದೇ ಜಾಸ್ತಿಯಂತೆ. ಇಸಿಜಿ, ಎಕ್ಸ್‌ರೇ, ಎಕೋ, ಬೇಕಾದರೆ ಬಿಎನ್‌ಪಿ ಅನ್ನುವ ರಕ್ತ ಪರೀಕ್ಷೆ, ಅಸ್ತಮಾ ಹೌದೋ ಅಲ್ಲವೋ ತಿಳಿಯೋಕೆ ಊದಿ ನೋಡುವ ಸ್ಪೈರೋಮೆಟ್ರಿ. ಮಕ್ಕಳಿಗೆ ಗಂಟಲು ನೋವಾಗಿ ಆಮೇಲೆ ಕೀಲು ಊದಿದರೆ ಎಲೆ ಕಟ್ಟುವ ಮೊದಲು ಡಾಕ್ಟರಿಗೆ ತೋರಿಸಿ.

ನನ್ನ ವಾಲ್ವ್ ಹೊಸದಾಗಿಲ್ಲ, ಮುಂದೆ ಮತ್ತೆ ಕಿರಿದಾಗಲೂಬಹುದು. ಮತ್ತೆ ಆ ಜ್ವರ ಬರಬಾರದು ಅಂತ 21 ದಿನಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್, ಕಡಿಮೆ ಅಂದರೂ ನನಗೆ ನಲವತ್ತು ವರ್ಷ ದಾಟುವವರೆಗೆ. ಸೊಂಟಕ್ಕೆ ಹಾಕುವ ಇಂಜೆಕ್ಷನ್, ಎರಡು ದಿನ ಕೂರೋಕೆ ಕಷ್ಟ. ನಮ್ಮ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸಿಸ್ಟರ್ ಡೇಟ್ ಬರೆದಿಟ್ಟುಕೊಂಡು ಹಿಂದಿನ ದಿನವೇ ಫೋನ್ ಮಾಡುತ್ತಾರೆ. ಹಬ್ಬ ಇದೆ, ನಾಳಿದ್ದು ಬರ್ತೀನಿ ಅಂದರೆ ಕೇಳಲ್ಲ. ಅವರಿಗೊಂದು ಬ್ಲೌಸ್ ನನ್ನ ಲೆಕ್ಕದಲ್ಲಿ ಹೊಲಿದುಕೊಡುತ್ತೇನೆ ಅಂತ ಯುಗಾದಿಯಿಂದ ಹೇಳುತ್ತಿದ್ದೇನೆ, ಅಳತೆ ಬ್ಲೌಸ್ ಇನ್ನೂ ತಂದುಕೊಟ್ಟಿಲ್ಲ. ಸಿಸ್ಟರ್, ಗೌರಿ ಹಬ್ಬದ ರಶ್ ಶುರುವಾಗುವುದರೊಳಗೆ ತಂದುಕೊಡಿ. ಆಮೇಲೆ ನನ್ನ ಕೈಲಿ ಆಗಲ್ಲ.