ಫೆಲ್ಟ್ ಗೊಂಬೆ: ಕೆಟ್ಟ ಮಾದರಿಯನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ವಾರದ ಪುರವಣಿಯ ಕರಕುಶಲ ಪುಟದಲ್ಲಿ ಫೆಲ್ಟ್ ಬಟ್ಟೆಯ (ನೇಯದೆ, ಎಳೆಗಳನ್ನು ಒತ್ತಿ ಮಾಡಿದ ಬಟ್ಟೆ) ತೂಗುಗೊಂಬೆ ಬಂದರೆ ಮುದ್ದಾದ ಒಂದು ಫೋಟೊ, ಪಕ್ಕದಲ್ಲಿ ಬಟ್ಟೆ ಕತ್ತರಿಸಲು ಆಕಾರದ ಒಂದು ನಮೂನೆ, ‘ಕತ್ತರಿಸಿ, ಹೊಲಿದು, ಹತ್ತಿ ತುಂಬಿ’ ಎಂಬ ಮೂರು ಸಾಲು ಇರುತ್ತದೆ. ಆ ನರಿಯೋ ಗೂಬೆಯೋ ಆ ರೂಪಕ್ಕೆ ಬರುವ ಮೊದಲು ಮೂರ್ನಾಲ್ಕು ಮಾದರಿಗಳಾದರೂ ಕೆಟ್ಟಿರುತ್ತವೆ. ಅವು ಯಾಕೆ ಕೆಟ್ಟವು ಎಂಬುದನ್ನು ಬಿಟ್ಟುಬಿಟ್ಟರೆ ಓದುಗರು ಅವೇ ಮೂರ್ನಾಲ್ಕನ್ನು ಹೊಸದಾಗಿ ಕೆಡಿಸುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು ಉಬ್ಬು. ಚಪ್ಪಟೆ ಬಟ್ಟೆ ಉಬ್ಬಿದಾಗ ಆ ದಪ್ಪ ಅಗಲದಿಂದಲೇ ಬರಬೇಕು. ಹಾಗಾಗಿ 8 ಸೆಂ.ಮೀ. ಅಗಲದ ಮುಖ ತುಂಬಿದ ಮೇಲೆ ಕಿರಿದಾಗುತ್ತದೆ, ಅಂಚಿನ ಹತ್ತಿರ ಬರೆದ ಕೆನ್ನೆ, ಮೀಸೆಗಳು ಪಕ್ಕಕ್ಕೆ ಜಾರಿ ಎದುರಿನಿಂದ ಕಾಣಿಸುವುದೇ ಇಲ್ಲ. ಅಂಚಿನಿಂದ 1 ಸೆಂ.ಮೀ. ಖಾಲಿ ಬಿಟ್ಟರೆ ಈ ಕಾಟ ತಪ್ಪುತ್ತದೆ. ಕುತ್ತಿಗೆಯದು ಇನ್ನೊಂದು ತೊಂದರೆ. ತಲೆ, ಹೊಟ್ಟೆ ಎರಡೂ ಉಬ್ಬಿ ನಡುವಿನ ಕಿರಿದಾದ ಜಾಗ ಬಾಗಿಲ ಕೀಲಿನಂತೆ ಮಡಚಿಕೊಳ್ಳುತ್ತದೆ, ಎಷ್ಟು ಹತ್ತಿ ತುರುಕಿದರೂ ತಲೆ ಬಾಗುತ್ತದೆ. ಕುತ್ತಿಗೆಯನ್ನು ತಲೆಯ ಅರ್ಧದಷ್ಟಾದರೂ ಅಗಲ ಇಡಬೇಕು. ಇಲ್ಲವೇ ತಲೆ–ಮೈಗಳನ್ನು ಒಂದೇ ತುಂಡಾಗಿ ಕತ್ತರಿಸಿ ಮುಖವನ್ನು ಮೇಲೆ ಕೂರಿಸಬೇಕು. 1.5 ಸೆಂ.ಮೀ.ಗಿಂತ ಕಿರಿದಾದ ಕಾಲಿಗೆ ಹತ್ತಿ ತುಂಬುವ ಹಟ ಬೇಡ. ಎರಡೂ ಬದಿಯ ಹೊಲಿಗೆ 2–3 ಮಿ.ಮೀ. ನುಂಗಿದ ಮೇಲೆ ಒಳಗೆ ಹತ್ತಿ ಸಲೀಸಾಗಿ ಹೋಗದು. ಎರಡು ಪದರ ಜೋಡಿಸಿ ಚಪ್ಪಟೆಯಾಗಿಯೇ ಬಿಡಿ, ಚೆಂದವೇ ಕಾಣುತ್ತದೆ.

ಪಾತ್ರಕ್ಕೆ ಜೀವ ಬರುವುದು ಕಣ್ಣಿನಿಂದ, ಅದೂ ಮಿಲಿಮೀಟರುಗಳ ಲೆಕ್ಕದಲ್ಲಿ. ಮುಖದ ನಡುಗೆರೆಗಿಂತ ತುಸು ಕೆಳಗೆ, ತುಸು ದೂರದೂರ ಇಟ್ಟರೆ ಮಗುವಿನ ಮುಖ. ಮೇಲಕ್ಕೆ ಏರಿಸಿ ಹತ್ತಿರ ತಂದರೆ ಅದೇ ಗೊಂಬೆ ಸಿಡುಕುವ ಮುದುಕನಾಗುತ್ತದೆ. ಮೊದಲೇ ಹೊಲಿಯದೆ ಕಪ್ಪು ಫೆಲ್ಟಿನ ಚುಕ್ಕಿಗಳನ್ನು ಗುಂಡುಸೂಜಿಯಿಂದ ಸಿಕ್ಕಿಸಿ, ಎರಡು ಮೀಟರ್ ದೂರ ನಿಂತು ನೋಡಿ, ಸರಿಸಿ, ಮತ್ತೆ ನೋಡಬೇಕು. ಫ್ರೆಂಚ್ ಗಂಟು (ಸೂಜಿಗೆ ದಾರ ಸುತ್ತಿ ಹಾಕುವ ಚುಕ್ಕಿಯಂಥ ಕಸೂತಿ ಗಂಟು) ಹಾಕುವಾಗ ಸೂಜಿ ಬಂದ ತೂತಿನಲ್ಲೇ ಮರಳಿದರೆ ಗಂಟು ಬಟ್ಟೆಯೊಳಗೆ ಮುಳುಗಿಹೋಗುತ್ತದೆ, ಒಂದು ಕೂದಲೆಳೆಯಷ್ಟು ಪಕ್ಕದಲ್ಲಿ ಇಳಿಸಿ. ಬಿಳಿ ಫೆಲ್ಟಿನ ಹಿಂದೆ ಒಂದು ಕಣ್ಣಿನಿಂದ ಇನ್ನೊಂದಕ್ಕೆ ಕಪ್ಪು ದಾರ ಎಳೆದರೆ ಮುಂದೆ ನೆರಳು ಮೂಡುತ್ತದೆ. ಮುಖದ ಕೆಲಸ ಪೂರ್ತಿ ಮುಗಿದ ಮೇಲೆಯೇ ಹಿಂಬದಿ ಜೋಡಿಸಬೇಕು, ಇಲ್ಲದಿದ್ದರೆ ಗಂಟುಗಳನ್ನು ಬಚ್ಚಿಡಲು ಜಾಗವೇ ಇರುವುದಿಲ್ಲ.

‘ಫೆಲ್ಟ್’ ಎಂದಷ್ಟೇ ಬರೆದರೆ ಸಾಲದು. ಉಣ್ಣೆಯದು ಒತ್ತಾಗಿರುತ್ತದೆ, ಸಣ್ಣ ಕಿವಿಯ ಅಂಚೂ ಗಟ್ಟಿ ನಿಲ್ಲುತ್ತದೆ. ಪಾಲಿಯೆಸ್ಟರಿನದು ಎಳೆದರೆ ಹಿಗ್ಗುತ್ತದೆ, ಉಜ್ಜಿದರೆ ಜುಂಗು ಏಳುತ್ತದೆ, ಬಿಸಿ ಇಸ್ತ್ರಿಗೆ ಕರಗುತ್ತದೆ. ಉಣ್ಣೆಯದನ್ನು ಬಿಸಿನೀರಲ್ಲಿ ಉಜ್ಜಿ ತೊಳೆದರೆ ಎಳೆಗಳ ಮೇಲಿನ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗೊಂಬೆ ಕುಗ್ಗಿಹೋಗುತ್ತದೆ. ಅಗ್ಗದ ಬಟ್ಟೆಯಲ್ಲಿ ಮಾದರಿ ಮಾಡುವುದು ಜಾಣತನವೇ, ಆದರೆ ಕೊನೆಯ ಮಾದರಿ ಅಸಲಿ ಬಟ್ಟೆಯದೇ ಆಗಿರಲಿ. ಹಿಗ್ಗುವ ಬಟ್ಟೆಯಲ್ಲಿ ಸರಿ ಕಂಡ ಅಳತೆ ಹಿಗ್ಗದ ಬಟ್ಟೆಯಲ್ಲಿ ಸರಿ ಕಾಣುವುದಿಲ್ಲ. ಫೆಲ್ಟ್ ನೇಯ್ದ ಬಟ್ಟೆಯಲ್ಲ, ಅಂಚಿನ ಎಳೆ ಬಿಡುವುದಿಲ್ಲ, ಆದ್ದರಿಂದ ಹೊಲಿಗೆಗೆಂದು ಹೆಚ್ಚುವರಿ ಅಂಚು ಬೇಡ ಎಂಬುದನ್ನೂ ನಮೂನೆಯಲ್ಲೇ ಹೇಳಬೇಕು. ಉಡುಪು ಹೊಲಿದು ರೂಢಿಯಿದ್ದವರು ಅರ್ಧ ಸೆಂ.ಮೀ. ಬಿಟ್ಟು ಕತ್ತರಿಸಿ, ದಢೂತಿ ಗೊಂಬೆ ಮಾಡಿಕೊಳ್ಳುತ್ತಾರೆ.

ತೂಗುವ ಕುಣಿಕೆ ಎರಡು ಪದರಗಳ ನಡುವೆಯೇ ಇರಬೇಕು. ಹಿಂಬದಿಗೆ ಮಾತ್ರ ಹೊಲಿದರೆ ಗೊಂಬೆ ನೆಲ ನೋಡುತ್ತದೆ. ಒಂದೇ ಕಡೆ ಬಾಲವಿರುವ ನರಿ ಆ ಕಡೆಗೇ ವಾಲುತ್ತದೆ. ಹತ್ತಿ ತುಂಬಿ, ಅಂಚು ಮುಚ್ಚುವ ಮೊದಲು ನೆತ್ತಿಗೊಂದು ದಾರ ಪೋಣಿಸಿ ತೂಗಿನೋಡಿ, ಭಾರದ ಬದಿಗೆ 3–4 ಮಿ.ಮೀ. ಸರಿಸುತ್ತ ನೇರ ನಿಲ್ಲುವ ಜಾಗ ಹುಡುಕಬೇಕು.

ಒಂದು ಮಾದರಿಗೆ ಒಂದೇ ಬದಲಾವಣೆ. ಕಣ್ಣು, ಕಿವಿ, ಹತ್ತಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೋ ತಿಳಿಯುವುದಿಲ್ಲ. ಏನು ಬದಲಿಸಿದ್ದೆಂದು ಅದರ ಬೆನ್ನ ಮೇಲೇ ಬರೆದಿಟ್ಟರೆ ಒಳ್ಳೆಯದು.

ಪುಟ ರೂಪಿಸುವವರಲ್ಲಿ ನಮ್ಮ ಕೋರಿಕೆ ಇಷ್ಟೇ. ನಮೂನೆಯ ಪಕ್ಕದಲ್ಲಿ ಅಚ್ಚಿನಲ್ಲಿ ಗಾತ್ರ ಸರಿಯಿದೆಯೇ ಎಂದು ನೋಡಲು 5 ಸೆಂ.ಮೀ. ಅಳತೆಯ ಒಂದು ಗೆರೆ, ಫೆಲ್ಟ್ ಯಾವುದು, ಎಷ್ಟು ದಪ್ಪ (ಈ ಗಾತ್ರಕ್ಕೆ ಸುಮಾರು 1 ಮಿ.ಮೀ. ಹೊಂದುತ್ತದೆ), ಕಸೂತಿ ದಾರದ ಎಷ್ಟು ಎಳೆ (ಆರೆಳೆಯ ದಾರದಲ್ಲಿ ಎರಡು ಎಳೆ ಸಾಕು), ಜೊತೆಗೆ ಕೆಟ್ಟ ಮಾದರಿಯೊಂದರ ಚಿತ್ರ ಕೊಡಿ. ಜಾಗ ಸಾಲದಿದ್ದರೆ ಮುದ್ದು ಫೋಟೊವನ್ನೇ ಸ್ವಲ್ಪ ಚಿಕ್ಕದು ಮಾಡಬಹುದು.

ಇಂತಿ,
ಫೆಲ್ಟ್ ಕೆಲಸದಲ್ಲಿ ತೊಡಗಿರುವ ಓದುಗರು