ಶರದೃತುವಿನ ಪ್ಲೇಲಿಸ್ಟ್: ಹಾಡು ಕಳಿಸುವ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ಆಶ್ವೀಜ, ಕಾರ್ತಿಕಕ್ಕೆ ಹೊಸ ಪ್ಲೇಲಿಸ್ಟ್ ಮಾಡುತ್ತಿದ್ದೇವೆ. ಬಸಂತ್, ಬಹಾರ್ ರಾಗಗಳು ಬೇಡ, ಅವು ವಸಂತದವು. ಮಳೆಗಾಲದ ರಾಗ ಮಲ್ಹಾರ್ ಒಂದಿದ್ದರೆ ತಪ್ಪಿಲ್ಲ. ಕೊಪ್ಪಳ, ರಾಯಚೂರು ಕಡೆ ಅಕ್ಟೋಬರ್‌ನಲ್ಲೂ ಮಳೆ ಬರುತ್ತದಲ್ಲ!

ಉಳಿದದ್ದನ್ನು ಹೊತ್ತು ನೋಡಿ ಆರಿಸಿ. ಮಧ್ಯಾಹ್ನಕ್ಕೆ ಭೀಮಪಲಾಸಿ, ಹೊತ್ತು ಮುಳುಗುವಾಗ ಮಾರ್ವಾ, ದೀಪ ಹಚ್ಚಿದ ಮೇಲೆ ಯಮನ್, ಸೀಗಿ ಹುಣ್ಣಿಮೆ ರಾತ್ರಿಗೆ ಬಾಗೇಶ್ರೀ. ಮಾರ್ವಾದಲ್ಲಿ ಪಂಚಮವೇ (ಪ) ಇಲ್ಲ, ಷಡ್ಜವನ್ನೂ (ಸ) ಮುಟ್ಟಿಯೂ ಮುಟ್ಟದಂತೆ ಹಾಡುತ್ತಾರೆ. ಕೋಮಲ ರಿಷಭ (ರಿ), ಶುದ್ಧ ಧೈವತದ (ಧ) ಮೇಲೆ ನಿಲ್ಲುವ ಆ ಕಳವಳ ಸಂಜೆಗೆ ಚಂದ, ಆದರೆ ಒಂದೇ ಸಾಕು. ಎರಡಾದರೆ ಮನಸ್ಸು ಭಾರ. ಅದರ ಬೆನ್ನಿಗೇ ಒಂದು ವಚನ ಇಡಿ. ನಮ್ಮ ರಾಯಚೂರು ಜಿಲ್ಲೆಯ ಗಾಯಕ ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ್ದು ಸಿಕ್ಕರೆ ಇನ್ನೇನು ಬೇಕು.

ಒಟ್ಟು 90 ನಿಮಿಷ ದಾಟಬಾರದು. ಷಫಲ್ (ಹಾಡಿನ ಕ್ರಮ ಕಲಸುವುದು) ಬಂದ್ ಮಾಡಿ, ಇಲ್ಲದಿದ್ದರೆ ಹೊತ್ತಿನ ಲೆಕ್ಕವೆಲ್ಲ ಕೆಡುತ್ತದೆ. ಒಂದು ಹಾಡಿನ ಕೊನೆಗೆ ಮುಂದಿನದರ ಮೊದಲನ್ನು ಬೆರೆಸುವ ಕ್ರಾಸ್‌ಫೇಡ್ ಸೊನ್ನೆಗೆ ಇಡಿ. ಒಬ್ಬರ ತಂಬೂರಿಯ ಶ್ರುತಿ ಕಪ್ಪು 1ರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆ), ಮುಂದಿನವರದು ಕಪ್ಪು 5ರಲ್ಲಿ ಇದ್ದರೆ 5 ಸೆಕೆಂಡ್ ಕಲೆತರೂ ಕಿವಿ ಕೊರೆಯುತ್ತದೆ. ಧ್ವನಿಮಟ್ಟ ಸಮ ಮಾಡುವ ಸೆಟ್ಟಿಂಗ್ ಮಾತ್ರ ಆನ್ ಇರಲಿ: ಹಳೆಯ ಮುದ್ರಣಗಳ ದನಿ ಸಣ್ಣ, ಹೊಸ ಭಾವಗೀತೆಗಳದು ಜೋರು.

ಹೊಲದಲ್ಲಿ, ಬಸ್ಸಿನಲ್ಲಿ ಕೇಳುವವರು ವೈಫೈ ಇದ್ದಾಗಲೇ ಡೌನ್‌ಲೋಡ್ ಮಾಡಿಕೊಳ್ಳಿ. 160 ಕೆಬಿಪಿಎಸ್ ಗುಣಮಟ್ಟದಲ್ಲಿ 90 ನಿಮಿಷಕ್ಕೆ ಸುಮಾರು 108 ಎಂಬಿ ಆಗುತ್ತದೆ.

ಹಾಡಿನ ಜೊತೆ ರಾಗ, ಹಾಡಿದವರ ಹೆಸರು, ಎಷ್ಟು ನಿಮಿಷ ಎಂಬುದನ್ನು ಬರೆಯಿರಿ. ಬರೀ ಲಿಂಕ್ ಹಾಕಿದರೆ ಸೇರಿಸುವುದಿಲ್ಲ.