ಮೂತ್ರದ ಅವಸರಕ್ಕೆ ಮಷೀನು ಆಮೇಲೆ ಬರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಮೂತ್ರದ ಅವಸರಕ್ಕೆ ಶಾಕ್‌ವೇವ್ ಚಿಕಿತ್ಸೆ ಬಂದಿದೆ ಎಂಬ ಬರಹ ಇತ್ತು. ಆಪರೇಷನ್ ಇಲ್ಲ, ಸೂಜಿ ಇಲ್ಲ, ಮಾತ್ರೆ ಇಲ್ಲ, ಎಂಟು ವಾರದಲ್ಲಿ ಆರಾಮ ಅಂತ ಬರೆದಿದ್ದರು. ಈ ತೊಂದರೆ ನನಗೂ ಇದೆ. ಕೊಡಗಿನ ನಾಪೋಕ್ಲು ಕಡೆ ನಮ್ಮದು ಸಣ್ಣ ಕಾಫಿ ತೋಟ. ವಯಸ್ಸು ಅರವತ್ತು ದಾಟಿದೆ, ಇನ್ನು ನಾಚಿಕೆ ಯಾಕೆ ಅಂತ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕಬೇಡಿ. ನೆಂಟರೆಲ್ಲ ನಿಮ್ಮ ಪೇಪರ್ ಓದುತ್ತಾರೆ.

ದೊಡ್ಡವರ ಮೂತ್ರಕೋಶ ಮಾಮೂಲಾಗಿ 400ರಿಂದ 500 ಎಂ.ಎಲ್. ಹಿಡಿಯುತ್ತದೆ. ನಮ್ಮಂಥವರಲ್ಲಿ ಅದು ಪೂರ್ತಿ ತುಂಬುವ ಮೊದಲೇ ಗೋಡೆಯ ಸ್ನಾಯು ಹಿಂಡಲು ಶುರು ಮಾಡುತ್ತದೆ. ಆಗ ಹೋಗಲೇಬೇಕು, ತಡೆಯಲು ಆಗುವುದಿಲ್ಲ. ರಾತ್ರಿ ಎದ್ದೆದ್ದು ಹೋಗಬೇಕು. ಕೆಲವರಿಗೆ ಬಚ್ಚಲ ಚಿಲಕ ತೆಗೆಯುವಷ್ಟರಲ್ಲಿ ಸೋರಿಬಿಡುತ್ತದೆ. ಹೆಂಗಸರಿಗೆ ಮಾತ್ರ ಅಂದುಕೊಳ್ಳಬೇಡಿ, ಗಂಡಸರಿಗೂ ಬರುತ್ತದೆ. ಜುಲೈ ಮಳೆಯ ಚಳಿಯಲ್ಲಿ ಇದು ಇನ್ನೂ ಜಾಸ್ತಿ. ನಮ್ಮದು ರೈಲೇ ಇಲ್ಲದ ಜಿಲ್ಲೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಬಸ್ಸಿನಲ್ಲೇ ಕೂರಬೇಕು. ಹೊರಡುವ ದಿನ ಬೆಳಗ್ಗೆಯಿಂದ ನೀರು ಕುಡಿಯದ ಹೆಂಗಸರು ನಮ್ಮೂರಲ್ಲಿ ಎಷ್ಟೋ ಜನ ಇದ್ದಾರೆ. ಅದೂ ತಪ್ಪಂತೆ. ಮೂತ್ರ ಗಟ್ಟಿಯಾದರೆ ಒಳಗೆ ಉರಿ ಎದ್ದು ಅವಸರ ಹೆಚ್ಚುತ್ತದೆ.

ಬರಹ ಓದಿ ಮೈಸೂರಿನ ಒಂದು ಚಿಕಿತ್ಸಾ ಕೇಂದ್ರಕ್ಕೆ ಫೋನ್ ಮಾಡಿದೆ. ಮಾತಾಡಿದ ಹುಡುಗಿ ಬಹಳ ಮರ್ಯಾದೆಯಿಂದ, "ಆಂಟಿ, ಎಂಟು ಸಿಟ್ಟಿಂಗ್ ಪ್ಯಾಕೇಜ್ ಇದೆ, ಈ ವಾರ ಅರ್ಧ ಕಟ್ಟಿದರೆ ಡಿಸ್ಕೌಂಟ್" ಅಂದಳು. ಮೂತ್ರ ಪರೀಕ್ಷೆ ಮಾಡಿಸಿದ್ದೀರಾ, ಶುಗರ್ ಇದೆಯಾ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ ಅಂತ ಒಂದು ಮಾತೂ ಕೇಳಲಿಲ್ಲ. ನನ್ನ ಸಿಟ್ಟು ಮಷೀನಿನ ಮೇಲಲ್ಲ, ಈ ರೀತಿಯ ಮೇಲೆ.

ಆಮೇಲೆ ಮೂತ್ರರೋಗದ ಡಾಕ್ಟರೊಬ್ಬರನ್ನು ಕಂಡೆ. ಅವರು ಬಿಡಿಸಿ ಹೇಳಿದರು. ಶಾಕ್‌ವೇವ್ ಅಂದರೆ ಕರೆಂಟ್ ಕೊಡುವುದಲ್ಲ, ಶಬ್ದದ ಜಾತಿಯ ಒತ್ತಡದ ಅಲೆ. ಜರ್ಮನಿಯ ಮ್ಯೂನಿಕ್‌ನಲ್ಲಿ 1980ರಲ್ಲಿ ಕಿಡ್ನಿ ಕಲ್ಲು ಒಡೆಯಲು ಮೊದಲು ಬಳಸಿದ್ದೂ ಇಂಥದ್ದೇ ಅಲೆ. ಮೂತ್ರಕೋಶಕ್ಕೆ ಕೊಡುವಾಗ ಅದರ ಶಕ್ತಿ ತುಂಬಾ ಕಡಿಮೆ. ಹೊಕ್ಕಳ ಕೆಳಗೆ, ಮೂತ್ರಕೋಶದ ಮೇಲೆ ಹಿಡಿಕೆ ಇಟ್ಟು ವಾರಕ್ಕೊಮ್ಮೆ ಸಾವಿರಾರು ಸಣ್ಣ ಬಡಿತ ಕೊಡುತ್ತಾರೆ. ಒಳಗೆ ರಕ್ತ ಓಡಾಟ ಹೆಚ್ಚಿ ಸ್ನಾಯು ಸುಧಾರಿಸಬಹುದು ಎಂಬುದು ಲೆಕ್ಕಾಚಾರ. ತೈವಾನ್‌ನಲ್ಲಿ ಎಂಟು ವಾರ ಹೀಗೆ ಕೊಟ್ಟು ನೋಡಿದ್ದಾರೆ. ಅವಸರ ಕಡಿಮೆಯಾಗಿದ್ದೂ ಕಂಡಿದೆ. ಆದರೆ ನೋಡಿದ್ದು ಕಡಿಮೆ ಜನರ ಮೇಲೆ, ಕಡಿಮೆ ಕಾಲ. ಅಮೆರಿಕ, ಯುರೋಪಿನ ಮೂತ್ರರೋಗ ತಜ್ಞರು ಇದನ್ನು ಇನ್ನೂ ಮಾಮೂಲಿ ಚಿಕಿತ್ಸೆಯ ಸಾಲಿಗೆ ಸೇರಿಸಿಲ್ಲ. ಬಸುರಿಯರಿಗೆ, ರಕ್ತ ಹೆಪ್ಪುಗಟ್ಟದ ತೊಂದರೆ ಇದ್ದವರಿಗೆ, ಆ ಜಾಗದಲ್ಲಿ ಕ್ಯಾನ್ಸರ್ ಇದ್ದವರಿಗೆ ಇದು ಬೇಡವೇ ಬೇಡ. ಇದರಲ್ಲಿ ಒಂದು ಸಾಲಾದರೂ ನಿಮ್ಮ ಬರಹದಲ್ಲಿ ಬರಬೇಕಿತ್ತು ಅಲ್ವಾ?

ಅದಕ್ಕಿಂತ ದೊಡ್ಡದು ಇನ್ನೊಂದು ಬಿಟ್ಟುಹೋಗಿದೆ. ಕಾಸು ಖರ್ಚಿಲ್ಲದ ಚಿಕಿತ್ಸೆ ಮೊದಲು ಮಾಡಬೇಕು. ಮೂತ್ರ ಪರೀಕ್ಷೆ ಮಾಡಿಸಿ ಸೋಂಕು, ಶುಗರ್ ಇಲ್ಲ ಅಂತ ಖಾತ್ರಿಯಾದ ಮೇಲೆ ಡಾಕ್ಟರು ನನಗೆ ಮೊದಲು ಹೇಳಿದ್ದು, "ಅಮ್ಮಾ, ಕಾಫಿ ಕಡಿಮೆ ಮಾಡಿ." ಕಾಫಿ ಬೆಳೆಯುವವಳಿಗೆ! ಅದೂ ನಮ್ಮದು ರೋಬಸ್ಟಾ. ಅರೇಬಿಕಾಕ್ಕಿಂತ ಅದರಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟು. ಸಂಜೆಯ ಬೆಲ್ಲದ ಕಾಫಿ ಬಿಟ್ಟದ್ದು ನನಗೆ ಗಂಡ ಸಿಗರೇಟು ಬಿಟ್ಟದ್ದಕ್ಕಿಂತ ಕಷ್ಟವಾಯಿತು. ಬೆಳಗಿನದು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಎರಡನೆಯದು ಅಭ್ಯಾಸ. ಅವಸರ ಬಂದ ಕೂಡಲೇ ಓಡಬಾರದು. ನಿಂತಲ್ಲೇ ನಿಂತು, ಮೂತ್ರ ತಡೆಯುವ ಸ್ನಾಯುವನ್ನು ನಾಲ್ಕೈದು ಸಲ ಬಿಗಿ ಹಿಡಿದು ಬಿಡಬೇಕು. ಒತ್ತಡ ಇಳಿದ ಮೇಲೆ ನಿಧಾನಕ್ಕೆ ನಡೆಯಬೇಕು. ಹೋಗುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ, ಒಂದು 15 ನಿಮಿಷದಷ್ಟು, ಮುಂದೆ ತಳ್ಳುತ್ತಾ ಬರಬೇಕು. ಆ ಸ್ನಾಯುವಿನ ವ್ಯಾಯಾಮವನ್ನು ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೀಗಲ್ 1948ರಲ್ಲೇ ಬರೆದಿಟ್ಟಿದ್ದರಂತೆ. ನಮ್ಮ ಕಡೆಯ ಹೆಂಗಸರಿಗೆ ಹೆರಿಗೆ ಆದ ಮೇಲೆ ಇದನ್ನು ಹೇಳಿಕೊಟ್ಟವರು ಯಾರು? ನನಗಂತೂ ಯಾರೂ ಹೇಳಲಿಲ್ಲ. ಸುಮ್ನೆ ವಯಸ್ಸಾಯಿತು ಅಂದರು. ಒಂದೆರಡು ವಾರದಲ್ಲಿ ಫಲ ಕಾಣುವುದಿಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. ಪೂರ್ತಿ ಗುಣವಾಗಿದೆ ಅಂತ ನಾನು ಹೇಳುವುದಿಲ್ಲ. ಈಗ ಮದುವೆ ಊಟಕ್ಕೆ ಕೂತರೆ ಪಾಯಸದವರೆಗೆ ಕೂರುತ್ತೇನೆ.

ಅದರಲ್ಲಿ ಆಗದಿದ್ದರೆ ಮಾತ್ರೆಗಳಿವೆ. ಹಳೆಯ ಮಾತ್ರೆಗಳಲ್ಲಿ ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ವಯಸ್ಸಾದವರಿಗೆ ಮರೆವಿನ ಭಯವೂ ಇದೆ. ಮಿರಾಬೆಗ್ರಾನ್ ಎಂಬ ಹೊಸದರಲ್ಲಿ ಅವೆಲ್ಲ ಕಡಿಮೆ, ಆದರೆ ಬಿಪಿ ನೋಡಿಕೊಳ್ಳುತ್ತಿರಬೇಕು. ಕಾಲಿನ ಹರಡಿನ ಹತ್ತಿರದ ನರಕ್ಕೆ ವಾರಕ್ಕೊಮ್ಮೆ ಅರ್ಧ ಗಂಟೆಯಂತೆ 12 ವಾರ ಸಣ್ಣ ಕರೆಂಟ್ ಕೊಡುವ ಪದ್ಧತಿಯೂ ಇದೆ. ಅದಕ್ಕೆ ಶಾಕ್‌ವೇವ್‌ಗಿಂತ ಹೆಚ್ಚು ಆಧಾರ ಇದೆ. ಇಷ್ಟೆಲ್ಲ ಆದ ಮೇಲೆ, ಡಾಕ್ಟರ ಮಾತು ಕೇಳಿ, ಹೊಸದು ಎಂದು ತಿಳಿದೇ ಯಾರಾದರೂ ಶಾಕ್‌ವೇವ್ ಮಾಡಿಸಿಕೊಂಡರೆ ನನ್ನ ತಕರಾರಿಲ್ಲ. ಮೂತ್ರದಲ್ಲಿ ರಕ್ತ ಕಂಡವರು ಮಾತ್ರ ಇದ್ಯಾವುದನ್ನೂ ಕಾಯದೆ ಮೊದಲು ಡಾಕ್ಟರ ಹತ್ತಿರ ಹೋಗಬೇಕು.

ಕುಯ್ಲಿನ ಕಾಲದಲ್ಲಿ ನಮ್ಮ ತೋಟಕ್ಕೆ ಬರುವ ಹೆಂಗಸರಲ್ಲಿ ಒಬ್ಬಳು ಮಧ್ಯೆ ಮಧ್ಯೆ ಗಿಡದ ಮರೆಗೆ ಹೋಗುತ್ತಿದ್ದಳು. ಮೇಸ್ತ್ರಿ ಕಳ್ಳ ಕೆಲಸ ಅಂತ ಬೈಯುತ್ತಿದ್ದ. ವಿಷಯ ನನಗೆ ಅರ್ಥವಾಯಿತು, ಅವನ ಬಾಯಿ ಮುಚ್ಚಿಸಿದೆ. ಎಂಟು ಸಿಟ್ಟಿಂಗಿನ ಪ್ಯಾಕೇಜ್ ಅವಳಿಗೆ ಆಗುವ ಮಾತಲ್ಲ. ತೋಟದ ಕೆಲಸದವರು ಇರುವ ಲೈನ್‌ಮನೆಗಳಿಗೆ ಬರುವ ಆಶಾ ಕಾರ್ಯಕರ್ತೆಯರಿಗೆ ಈ ವ್ಯಾಯಾಮ ಕಲಿಸಿದರೆ ಅವಳಿಗೂ ತಲುಪುತ್ತದೆ. ಜಿಲ್ಲಾ ಆರೋಗ್ಯ ಇಲಾಖೆಯವರು ದಯವಿಟ್ಟು ಇದನ್ನು ಮಾಡಲಿ.

ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ಮೂತ್ರದ ಡೈರಿ ಅಂತ ಮೂರು ದಿನ ಬರೆಯಲು ಡಾಕ್ಟರು ಹೇಳುತ್ತಾರೆ. ಹೊತ್ತು, ಕುಡಿದದ್ದು ಎಷ್ಟು, ಹೋದದ್ದು ಎಷ್ಟು, ಅವಸರ ಇತ್ತಾ, ಸೋರಿತಾ, ಇಷ್ಟೇ ಕಾಲಂ. ಅದರ ಖಾಲಿ ನಮೂನೆಯನ್ನು ಮುಂದಿನ ಆರೋಗ್ಯ ಪುಟದಲ್ಲಿ ಅಚ್ಚು ಹಾಕಿ. ಕತ್ತರಿಸಿಕೊಂಡು ತುಂಬಿ ಆಸ್ಪತ್ರೆಗೆ ಒಯ್ಯುತ್ತೇವೆ. ಅಕ್ಷರ ಸ್ವಲ್ಪ ದಪ್ಪ ಇರಲಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ್ತಿ, ನಾಪೋಕ್ಲು